ಹೊಂಡದ ಮೀನು ಬೆಳೆಯುವುದು ನಿಂತಿದೆಯೇ? ದೋಷ ಪತ್ತೆ ಹಚ್ಚುವ ಬಗೆ

ಕೃಷಿಹೊಂಡದಲ್ಲಿ ಮೀನು ಬಿಟ್ಟವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಮೊದಲ ನಾಲ್ಕು ತಿಂಗಳು ಚೆನ್ನಾಗಿ ಬಂತು ಸಾರ್. ಆಮೇಲೆ ಹಂಗೇ ನಿಂತೋಯ್ತು. ಹಿಂಡಿ ಜಾಸ್ತಿ ಮಾಡಿದ್ರೂ ಮೇಲೇಳ್ತಿಲ್ಲ." ಮೀನು ಸಾಯುತ್ತಿಲ್ಲ, ಮೈಮೇಲೆ ಹುಣ್ಣಿಲ್ಲ, ಓಡಾಟಕ್ಕೂ ಕೊರತೆಯಿಲ್ಲ. ಬೆಳೆಯುತ್ತಿಲ್ಲ, ಅಷ್ಟೆ. ಆಗ ಸಾಮಾನ್ಯವಾಗಿ ಮರಿ ಕೊಟ್ಟವರ ಮೇಲೆ ಅನುಮಾನ ಹೋಗುತ್ತದೆ, ಇಲ್ಲವೇ ಮೇವಿನ ಮೂಟೆಯ ಮೇಲೆ. ಎರಡೂ ತಪ್ಪಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಹೀಗೆ ಬೆಳೆದು ಹೀಗೆ ನಿಂತ ಹೊಂಡಗಳಲ್ಲಿ ಬಹುಪಾಲಿನ ದೋಷ ಬೇರೆಯೇ. ಆ ನೀರು ಎಷ್ಟು ಕಿಲೋ ಜೀವವನ್ನು ಹೊರಬಲ್ಲದೋ ಅಷ್ಟನ್ನು ಆಗಲೇ ಹೊತ್ತುಕೊಂಡಿದೆ.

ಹೊರುವ ಮಿತಿ ಇರುವುದು ಎಣಿಕೆಯಲ್ಲಲ್ಲ, ಒಟ್ಟು ತೂಕದಲ್ಲಿ. ಇದೊಂದು ಮನಸ್ಸಿಗೆ ಬಂದರೆ ಉಳಿದ ಪರೀಕ್ಷೆಗಳೆಲ್ಲ ಸಲೀಸು. ಮಿತಿಯನ್ನು ಕಟ್ಟುವುದು ಆಹಾರ, ಆಮ್ಲಜನಕ, ಕಸ, ಜಾಗ ಎಲ್ಲವೂ ಸೇರಿ ಅಲ್ಲ; ಇವುಗಳಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೊಂದೇ. ಆಮ್ಲಜನಕ ಮುಗಿದಿರುವ ಹೊಂಡಕ್ಕೆ ಹಿಂಡಿ ಸುರಿದರೆ ದೋಷ ಹೋಗುವುದಿಲ್ಲ, ಹೆಚ್ಚುತ್ತದೆ. ಆದ್ದರಿಂದ ಔಷಧಿಗಿಂತ ಮೊದಲು ಪತ್ತೆ.

ಮೊದಲು ತೂಗಿ

ದಡದಲ್ಲಿ ನಿಂತು ಕಣ್ಣಂದಾಜಿನಲ್ಲಿ "ಕಾಲು ಕಿಲೋ ಇರಬಹುದು" ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ನೀರೊಳಗಿನ ಮೀನು ಯಾವತ್ತೂ ದೊಡ್ಡದಾಗಿಯೇ ಕಾಣುತ್ತದೆ. ಬೆಳಿಗ್ಗೆ ಮೇವು ಹಾಕುವ ಮುಂಚೆ ಬೀಸುಬಲೆ ಎಸೆದು, ಮೂರು ನಾಲ್ಕು ಕಡೆಯಿಂದ ಸೇರಿಸಿ ಇಪ್ಪತ್ತು ಮೂವತ್ತು ಮೀನು ಹಿಡಿಯಿರಿ. ಮೇವು ಬೀಳುವ ಜಾಗದಲ್ಲಿ ಮಾತ್ರ ಎಸೆದರೆ ಜೋರಾಗಿ ತಿನ್ನುವ ದೊಡ್ಡವೇ ಸಿಗುತ್ತವೆ, ಲೆಕ್ಕ ಹಾಳಾಗುತ್ತದೆ. ಬಕೆಟ್ಟಿನಲ್ಲಿ ನೀರು ಹಾಕಿ ತೂಗಿ, ಮೀನು ಬಿಟ್ಟು ಮತ್ತೆ ತೂಗಿ, ವ್ಯತ್ಯಾಸವನ್ನು ಮೀನಿನ ಸಂಖ್ಯೆಯಿಂದ ಭಾಗಿಸಿ. ಜಾತಿವಾರು ಬೇರೆಬೇರೆ ತೂಗಿ. ಕಾಟ್ಲಾವನ್ನೂ ಮೃಗಾಲನ್ನೂ ಬೆರೆಸಿ ತೆಗೆದ ಸರಾಸರಿ ಏನನ್ನೂ ಹೇಳುವುದಿಲ್ಲ.

ತೂಗುವಾಗ ಒಂದು ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ನೋಡಿ. ಹಸಿದಿರುವ ರೋಹುವಿನ ತಲೆ ಮೈಗಿಂತ ದೊಡ್ಡದಾಗಿ ಕಾಣುತ್ತದೆ. ಬೆನ್ನ ಮೇಲೆ ಬೆರಳಾಡಿಸಿದರೆ ದುಂಡಗಿರುವುದಿಲ್ಲ, ಏಣು ಸಿಗುತ್ತದೆ. ಹೊಟ್ಟೆ ಒಳಕ್ಕೆ ಹೋಗಿರುತ್ತದೆ. ಕಣ್ಣಿನ ಮೇಲೆ ನಂಬಿಕೆಯಿಲ್ಲದವರು ಲೆಕ್ಕವನ್ನೇ ಹಾಕಬಹುದು. ಗ್ರಾಮಿನಲ್ಲಿ ತೂಕವನ್ನು ನೂರರಿಂದ ಗುಣಿಸಿ, ಸೆಂಟಿಮೀಟರಿನಲ್ಲಿ ಉದ್ದದ ಘನದಿಂದ ಭಾಗಿಸಿ. ಮೈ ತುಂಬಿದ ರೋಹುವಿನಲ್ಲಿ ಉತ್ತರ ಒಂದಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ, ಕಾಟ್ಲಾದಲ್ಲಿ ಇನ್ನೂ ಹೆಚ್ಚು. ಒಂದಕ್ಕಿಂತ ಚೆನ್ನಾಗಿ ಕೆಳಗಿದ್ದರೆ ಆ ಮೀನಿಗೆ ಹೊಟ್ಟೆಗೆ ಸಾಲುತ್ತಿಲ್ಲ. ಮೀನು ಚಿಕ್ಕದಾಗಿದ್ದರೂ ಮೈ ತುಂಬಿಕೊಂಡಿದ್ದರೆ ಹಸಿವನ್ನು ಸದ್ಯಕ್ಕೆ ಬದಿಗಿಡಿ.

ಸರಾಸರಿ ತೂಕ ಸಿಕ್ಕಿತು. ಎಷ್ಟು ಮೀನಿವೆ? ಬಿಟ್ಟ ಮರಿಯ ಲೆಕ್ಕ ನಂಬುವಂತಿಲ್ಲ. ಬಿಟ್ಟ ವಾರದಲ್ಲೇ ಒಂದಿಷ್ಟು ಸಾಯುತ್ತವೆ, ಆಮೇಲೆ ನೀರುಕಾಗೆ, ಕೊಕ್ಕರೆ, ಹಾವು, ರಾತ್ರಿ ಬಲೆ ಹಿಡಿದು ಬರುವ ಊರಿನವರು. ಇದಕ್ಕೊಂದು ಹಳೆಯ ಉಪಾಯವಿದೆ. ಡೆನ್ಮಾರ್ಕಿನ ಮೀನು ವಿಜ್ಞಾನಿ ಪೀಟರ್ಸನ್ 19ನೇ ಶತಮಾನದ ಕೊನೆಯಲ್ಲಿ ಸಮುದ್ರದ ಮೀನಿಗೆ ಗುರುತು ಹಾಕಿ ಬಿಟ್ಟು ಎಣಿಸುವ ದಾರಿ ತೋರಿಸಿದ. ಹೊಂಡಕ್ಕೂ ಅದು ಸಾಕು. ನೂರು ಮೀನು ಹಿಡಿದು ಬಾಲದ ರೆಕ್ಕೆಯ ತುದಿ ಒಂಚೂರು ಕತ್ತರಿಸಿ ಬಿಡಿ. ಎರಡು ಮೂರು ದಿನ ಬಿಟ್ಟು ಮತ್ತೆ ಹಿಡಿಯಿರಿ. ಈ ಸಲ 96 ಸಿಕ್ಕು ಅದರಲ್ಲಿ 8ಕ್ಕೆ ಗುರುತಿದ್ದರೆ, ನೂರನ್ನು 96ರಿಂದ ಗುಣಿಸಿ 8ರಿಂದ ಭಾಗಿಸಿ: ಸುಮಾರು 1200 ಮೀನು. ಗುರುತಿನವು ಎರಡೋ ಮೂರೋ ಮಾತ್ರ ಸಿಕ್ಕಿದ್ದರೆ ಆ ಲೆಕ್ಕವನ್ನು ನೆಚ್ಚಬೇಡಿ, ಇನ್ನೊಂದು ಸಲ ಬಲೆ ಬೀಸಿ.

1200 ಮೀನು, ತಲಾ 110 ಗ್ರಾಂ. ಒಟ್ಟು 132 ಕಿಲೋ. ನಿಮಗೆ ಬೇಕಾಗಿರುವುದು ಈ ಅಂಕಿ.

ಬೆಳವಣಿಗೆಯ ಗೆರೆ ಎಲ್ಲಿ ಬಾಗುತ್ತದೆ

ಮೇವು ಹಾಕುವ, ನೀರಿಗೆ ಗಾಳಿ ಬೆರೆಸುವ ಏರೇಟರ್ ಇಲ್ಲದ, 21 ಮೀಟರ್ ಉದ್ದ 21 ಮೀಟರ್ ಅಗಲದ ಒಂದು ಹೊಂಡ 150 ಕಿಲೋ ಹೊರಬಲ್ಲದು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ನಿಮ್ಮದು ಇದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಮಣ್ಣಿನ ಸಾರ ಸಿಗುವುದಿಲ್ಲ, ಮೇವಿಲ್ಲದಿದ್ದರೆ ಅದರ ಮಿತಿ ತುಂಬಾ ಕೆಳಗೆ. ಈ ಹೊಂಡದಲ್ಲಿ ತಿಂಗಳು ತಿಂಗಳು ತೂಗಿದರೆ ಒಟ್ಟು ತೂಕ ಹೆಚ್ಚುಕಡಿಮೆ ಹೀಗೆ ಹೋಗುತ್ತದೆ: 20, 37, 63, 94, 121, 137, 145 ಕಿಲೋ. ಪ್ರತಿ ತಿಂಗಳು ಕೂಡಿದ್ದೆಷ್ಟು ನೋಡಿ: 17, 26, 31, 27, 16, 8. ಮೊದಲು ನಿಧಾನ, ನಡುವೆ ಓಟ, ಕೊನೆಗೆ ತೆವಳು. ಮಿತಿಯ ಅರ್ಧದ ಆಸುಪಾಸಿನಲ್ಲಿದ್ದಾಗ ಹೊಂಡ ಅತಿ ಹೆಚ್ಚು ದುಡಿಯುತ್ತದೆ.

ಈ ಗೆರೆಗೆ ಗಣಿತದ ರೂಪ ಕೊಟ್ಟದ್ದು ಬೆಲ್ಜಿಯಂನ ಪಿಯರ್ ಫ್ರಾನ್ಸ್ವಾ ವೆರ್‌ಹುಲ್ಸ್ಟ್, 1838ರಲ್ಲಿ. ಅವನು ನೋಡುತ್ತಿದ್ದದ್ದು ಜನಸಂಖ್ಯೆಯನ್ನು. ಅವನ ಕಾಲದಲ್ಲಿ ಯಾರೂ ಅಷ್ಟಾಗಿ ಲಕ್ಷ್ಯ ಕೊಡಲಿಲ್ಲ. 1920ರಲ್ಲಿ ಅಮೆರಿಕದ ಪರ್ಲ್ ಮತ್ತು ರೀಡ್ ಅದೇ ಸೂತ್ರಕ್ಕೆ ಬಂದು ಮುಟ್ಟಿದ ಮೇಲೆ ಅದು ಜೀವಶಾಸ್ತ್ರದ ಪಾಠವಾಯಿತು. ಸೂತ್ರ ಹೇಳುವುದಿಷ್ಟೆ: ಬೆಳೆಯುವ ವೇಗ ಇರುವ ಜೀವಿಗಳನ್ನೂ ಅವಲಂಬಿಸಿದೆ, ಉಳಿದಿರುವ ಅವಕಾಶವನ್ನೂ ಅವಲಂಬಿಸಿದೆ. ಮೊದಲು ಜೀವಿಗಳು ಕಡಿಮೆ, ಕೊನೆಗೆ ಅವಕಾಶ ಕಡಿಮೆ.

ಕೆರೆ ಮೀನಿನ ವಿಷಯದಲ್ಲಿ ಒಂದು ತಿರುವಿದೆ, ಅದನ್ನು ಬಿಟ್ಟರೆ ಪತ್ತೆ ದಾರಿ ತಪ್ಪುತ್ತದೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಮುಂಗಾರಿನ ಹರಿವ ಹೊಳೆ ಬೇಕು, ಇಲ್ಲವೇ ಹಾರ್ಮೋನು ಚುಚ್ಚಬೇಕು. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಹಾಗೆ ಚುಚ್ಚಿ ಮರಿ ತೆಗೆದದ್ದರಿಂದಲೇ ಇವತ್ತು ನಮಗೆ ಚೀಲದಲ್ಲಿ ಮರಿ ಸಿಗುತ್ತಿರುವುದು. ಹಾಗಾಗಿ ನಿಮ್ಮ ಹೊಂಡದಲ್ಲಿ ಗೆರೆ ಮೇಲೇರುವುದು ಮೀನಿನ ಸಂಖ್ಯೆಯಿಂದಲ್ಲ, ಒಂದೊಂದರ ಮೈಯಿಂದ. ಸಂಖ್ಯೆ ಹೆಚ್ಚಿ ಮಿತಿ ಮುಟ್ಟುವ ಕಥೆ ಬೇರೆ ಮೀನಿನದು, ಅದಕ್ಕೆ ಮುಂದೆ ಬರೋಣ.

ಈಗ ಲೆಕ್ಕ ಕೂಡಿಸಿ. 150 ಕಿಲೋ ಹೊರುವ ಹೊಂಡದಲ್ಲಿ 300 ಮೀನು ಇದ್ದರೆ ತಲಾ ಅರ್ಧ ಕಿಲೋ ತನಕ ಹೋಗಬಹುದು. 1500 ಇದ್ದರೆ ನೂರು ಗ್ರಾಂಗೆ ನಿಲ್ಲುತ್ತವೆ. ತಕ್ಕಡಿಗೆ ಎರಡೂ ಒಂದೇ, ಸಂತೆಗೆ ಅಲ್ಲ. ನೂರು ಗ್ರಾಮಿನ ರೋಹುವನ್ನು ಮುಳ್ಳೇ ಜಾಸ್ತಿ ಅಂತ ಯಾರೂ ಕೇಳುವುದಿಲ್ಲ. "ಒಂದಿಷ್ಟು ಜಾಸ್ತಿ ಬಿಟ್ಟಿರೋಣ, ಸತ್ತರೂ ಉಳೀತವೆ" ಎನ್ನುವ ಜಾಣತನ ನಮ್ಮಲ್ಲಿ ಮಾಡುತ್ತಿರುವ ನಷ್ಟ ರೋಗ ಮಾಡುವುದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಯಾವುದು ಮೊದಲು ಮುಗಿದಿದೆ: ಬೆಳಗಿನ ಜಾವದ ಪರೀಕ್ಷೆ

ಹಗಲು ಹೊತ್ತು ಹೊಂಡ ನೋಡಿದರೆ ಏನೂ ತಿಳಿಯದು. ಬಿಸಿಲಿದ್ದಾಗ ಪಾಚಿ ಆಮ್ಲಜನಕ ಮಾಡುತ್ತದೆ, ಮಧ್ಯಾಹ್ನ ಮೂರು ಗಂಟೆಗೆ ಅಳೆದರೆ ಎಂಥ ಕೆಟ್ಟ ಹೊಂಡದಲ್ಲೂ ಒಳ್ಳೆಯ ಅಂಕಿಯೇ ಬರುತ್ತದೆ. ಸೂರ್ಯ ಮುಳುಗಿದ ಮೇಲೆ ಮಾಡುವವರು ಯಾರೂ ಇಲ್ಲ, ಖರ್ಚು ಮಾಡುವವರು ಎಲ್ಲರೂ. ಮೀನು ಮಾತ್ರವಲ್ಲ, ಹಗಲಿಡೀ ಆಮ್ಲಜನಕ ಕೊಟ್ಟ ಅದೇ ಪಾಚಿ ರಾತ್ರಿ ಉಸಿರಾಡುತ್ತದೆ, ತಳದ ಕೆಸರಿನಲ್ಲಿ ಕೊಳೆಯುವ ಮೇವಿಗೂ, ಪಾಚಿ ಬೆಳೆಯಲೆಂದು ಹಾಕಿದ ಸಗಣಿಗೂ ಬೇಕು. ದಟ್ಟ ಪಾಚಿಯ ಹೊಂಡದಲ್ಲಿ ಮೀನಿಗಿಂತ ಇವುಗಳ ಖರ್ಚೇ ಹೆಚ್ಚು. ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ ನೀರಿನ ಆಮ್ಲಜನಕ ಅತಿ ಕೆಳಗಿರುತ್ತದೆ. ನೋಡಬೇಕಾದದ್ದು ಆಗ.

ಐದೂವರೆಗೆ ಟಾರ್ಚ್ ಹಿಡಿದು ಹೋಗಿ, ದೂರದಿಂದಲೇ ಸದ್ದಿಲ್ಲದೆ ನೋಡಿ. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಗುಳುಗುಳು ಅನ್ನುತ್ತಿವೆಯೇ? ಟಾರ್ಚ್ ಬೆಳಕು ಬಿದ್ದರೂ ಕೆಳಗಿಳಿಯುತ್ತಿಲ್ಲವೇ? ಬಸವನಹುಳು ನೀರು ಬಿಟ್ಟು ದಡದ ಅಂಚಿಗೆ ಹತ್ತಿವೆಯೇ? ಇವು ಕಂಡರೆ ನಿಮ್ಮ ಹೊಂಡದ ಮಿತಿ ಆಮ್ಲಜನಕ. ಮೀಟರ್ ಇದ್ದರೆ ಅಳೆಯಿರಿ, ಪಟ್ಟಣದ ಅಕ್ವೇರಿಯಂ ಅಂಗಡಿಗಳಲ್ಲಿ ಹನಿ ಹಾಕಿ ನೋಡುವ ಪರೀಕ್ಷಾ ಕಿಟ್ಟೂ ಸಿಗುತ್ತದೆ. ಲೀಟರಿಗೆ 5 ಮಿಲಿಗ್ರಾಂ ಮೇಲಿದ್ದರೆ ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಯವು ಆರಾಮಾಗಿರುತ್ತವೆ. 3ಕ್ಕೆ ಇಳಿದರೆ ಬದುಕುತ್ತವೆ, ಆದರೆ ತಿನ್ನುವುದು ಕಡಿಮೆ, ತಿಂದದ್ದು ಮೈಗೆ ಹತ್ತುವುದೂ ಕಡಿಮೆ. ದಿನಾ ಬೆಳಿಗ್ಗೆ ಎರಡು ಮೂರು ಗಂಟೆ ಹೀಗೆ ಉಸಿರು ಕಟ್ಟಿದ ಮೀನು ಸಾಯದೆ, ಬೆಳೆಯದೆ ಹಾಗೇ ಇರುತ್ತದೆ. ನಿಮ್ಮ ದೂರು ಇದೇ ತಾನೆ?

ಜಾವದಲ್ಲಿ ಎಲ್ಲ ಸರಿ ಇದ್ದರೆ ಎರಡನೆಯದು ಮೇವಿನ ಪರೀಕ್ಷೆ. ಅಗಲವಾದ ತಟ್ಟೆಗೆ ಹಗ್ಗ ಕಟ್ಟಿ, ದಿನದ ಮೇವಿನಲ್ಲಿ ಒಂದು ಪಾಲನ್ನು ಉಂಡೆ ಮಾಡಿ ಇಟ್ಟು ಮುಳುಗಿಸಿ, ಎರಡು ಗಂಟೆ ಬಿಟ್ಟು ಎತ್ತಿ. ತಟ್ಟೆ ಖಾಲಿಯಾಗಿದ್ದು, ಮೀನಿನ ಬೆನ್ನೂ ಏಣಾಗಿದ್ದರೆ ಕೊರತೆ ಆಹಾರದ್ದು. ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಸಮಪಾಲು ಮಾಡಿ ಒಟ್ಟು ಮೀನಿನ ತೂಕದ ಶೇ. 2ರಿಂದ 3ರಷ್ಟು ಕೊಡುತ್ತಿದ್ದೀರಾ ನೋಡಿ. ಆ 132 ಕಿಲೋ ಮೀನಿಗೆ ಅದು ದಿನಕ್ಕೆ ಎರಡೂವರೆಯಿಂದ ನಾಲ್ಕು ಕಿಲೋ. ಮರಿ ಬಿಟ್ಟ ಹೊಸದರಲ್ಲಿ ಹಾಕುತ್ತಿದ್ದ ಅರ್ಧ ಕಿಲೋವನ್ನೇ ಆರು ತಿಂಗಳಾದರೂ ಹಾಕುತ್ತಿರುವ ಮನೆಗಳಿವೆ. ತಟ್ಟೆಯಲ್ಲಿ ಮೇವು ಉಳಿದಿದ್ದರೆ ಮಾತ್ರ ಒಂದು ಹಿಡಿಯೂ ಹೆಚ್ಚಿಸಬೇಡಿ. ಹಸಿದಿದ್ದೂ ತಿನ್ನುತ್ತಿಲ್ಲ ಎಂದರೆ ನೀರು ಸರಿಯಿಲ್ಲ. ಉಳಿದ ಹಿಂಡಿ ತಳಕ್ಕೆ ಹೋಗಿ ಕೊಳೆತು ಆಮ್ಲಜನಕ ತಿಂದು ಅಮೋನಿಯ ಬಿಡುತ್ತದೆ.

ಅಮೋನಿಯದ ವಿಷಯದಲ್ಲಿ ಒಂದು ಎಚ್ಚರಿಕೆ. ನೀರು ಕ್ಷಾರವಾದಷ್ಟೂ, ಬೆಚ್ಚಗಾದಷ್ಟೂ ಅದರ ವಿಷದ ರೂಪ ಹೆಚ್ಚುತ್ತದೆ. ಪಾಚಿ ದಟ್ಟವಾಗಿರುವ ಹೊಂಡದಲ್ಲಿ ಮಧ್ಯಾಹ್ನ ಪಿಎಚ್ 9 ದಾಟುವುದು ಅಪರೂಪವಲ್ಲ. ಅಂಥ ಹೊಂಡಕ್ಕೆ "ನೀರು ಕೆಟ್ಟಿದೆ, ಸುಣ್ಣ ಹೊಡಿ" ಎಂದು ಸುಣ್ಣ ಎರಚಿದರೆ ಪಿಎಚ್ ಇನ್ನೂ ಏರಿ, ಸುಮ್ಮನಿದ್ದ ಅಮೋನಿಯ ವಿಷವಾಗುತ್ತದೆ. ಪಿಎಚ್ ಅಳೆಯದೆ ಸುಣ್ಣ ಬೇಡ.

ಮೂರನೆಯದು ನೀರಿನ ಬಣ್ಣ. ಕೈಯನ್ನು ಮೊಣಕೈವರೆಗೆ ನೇರ ಇಳಿಸಿ ಅಂಗೈ ನೋಡಿ. ನೀರು ತಿಳಿಹಸಿರಾಗಿದ್ದು, ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾದರೆ ಸರಿ. ಗೇಣಾಳದಲ್ಲೇ ಮಾಯವಾದರೆ ಪಾಚಿ ಮಿತಿಮೀರಿದೆ, ಸಗಣಿ ನಿಲ್ಲಿಸಿ. ತಳದವರೆಗೂ ಗಾಜಿನಂತೆ ಕಂಡರೆ ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳೇ ಇಲ್ಲ, ಅವನ್ನು ತಿನ್ನುವ ಕಾಟ್ಲಾ ಉಪವಾಸವಿದೆ. ನೀರು ಹಸಿರಲ್ಲದೆ ಕೆಮ್ಮಣ್ಣಿನ ಬಣ್ಣಕ್ಕಿದ್ದರೆ ಬೇರೆ ಕಥೆ: ಸಾಮಾನ್ಯ ಗೆಂಡೆ ತಳ ಕೆದಕುತ್ತಿರಬಹುದು, ಏರಿ ಮಣ್ಣು ಜಾರುತ್ತಿರಬಹುದು. ಕೆಸರಿನಲ್ಲಿ ಬೆಳಕು ಇಳಿಯುವುದಿಲ್ಲ, ಬೆಳಕಿಲ್ಲದೆ ಪಾಚಿಯಿಲ್ಲ, ಪಾಚಿಯಿಲ್ಲದೆ ಮೇಲ್ನೀರಿನಲ್ಲಿ ಮೇಯುವ ಮೀನಿಗೆ ಊಟವಿಲ್ಲ.

ಕರೆಯದೆ ಬಂದವು

ಬಲೆಯಲ್ಲಿ ನೀವು ಬಿಡದ ಮೀನು ಸಿಕ್ಕರೆ ಇದುವರೆಗಿನ ಲೆಕ್ಕವನ್ನೆಲ್ಲ ಬದಿಗಿಟ್ಟು ಅದನ್ನು ನೋಡಿ. ಮುಖ್ಯ ಆರೋಪಿ ಜಿಲೇಬಿ, ಅಂದರೆ ತಿಲಾಪಿಯ. ಮೊಜಾಂಬಿಕ್ ತಿಲಾಪಿಯ 1952ರಲ್ಲಿ ಭಾರತಕ್ಕೆ ಬಂತು, ಈಗ ಯಾವ ಕೆರೆಯಲ್ಲಿ ಇಲ್ಲ ಎಂದು ಕೇಳಬೇಕು. ಎರಡು ಮೂರು ತಿಂಗಳಿಗೇ, ಬೆರಳುದ್ದ ಇರುವಾಗಲೇ ಪ್ರಾಯಕ್ಕೆ ಬರುತ್ತದೆ. ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ. ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುವುದರಿಂದ ಸಾಯುವ ಮರಿ ಕಡಿಮೆ. ಬಲೆಯಲ್ಲಿ ಸಿಕ್ಕ ಬೆರಳುದ್ದದ ಹೆಣ್ಣಿನ ಗಂಟಲು ಉಬ್ಬಿದ್ದರೆ ಕೆಳದವಡೆಯನ್ನು ಮೆಲ್ಲಗೆ ಒತ್ತಿ. ಸಾಸಿವೆಗಿಂತ ದಪ್ಪನಾದ ಹಳದಿ ಮೊಟ್ಟೆಗಳು ಅಂಗೈಗೆ ಉದುರಿದರೆ ನಿಮ್ಮ ಹಿಂಡಿ ಎಲ್ಲಿಗೆ ಹೋಗುತ್ತಿತ್ತು ಎಂದು ಗೊತ್ತಾಯಿತು.

ಇಲ್ಲಿ ಗೆರೆ ಸಂಖ್ಯೆಯಿಂದಲೇ ಏರುತ್ತದೆ. ಮೂರು ನಾಲ್ಕು ಜೋಡಿ ಹೊಕ್ಕರೆ ಸಾಕು. ಮಿತಿಯ ಹತ್ತಿರ ಬಂದಾಗ ಜಿಲೇಬಿ ಮರಿ ಮಾಡುವುದನ್ನು ನಿಲ್ಲಿಸುವುದಿಲ್ಲ, ಬದಲಿಗೆ ಕುಳ್ಳಾಗುತ್ತದೆ. ಮೊದಲಿಗಿಂತ ಚಿಕ್ಕ ಮೈಯಲ್ಲೇ ಪ್ರಾಯಕ್ಕೆ ಬರುತ್ತದೆ. 150 ಕಿಲೋ ಮಿತಿಯಲ್ಲಿ 70 ಕಿಲೋ ಜಿಲೇಬಿಯೇ ತುಂಬಿಕೊಂಡಿದ್ದರೆ ನಿಮ್ಮ ಕಾಟ್ಲಾ ರೋಹುವಿಗೆ ಉಳಿದಿರುವುದು 80 ಕಿಲೋ ಜಾಗ ಮಾತ್ರ.

ಸಾಮಾನ್ಯ ಗೆಂಡೆಯೂ ಕಳೆಗಿಡ ಸಿಕ್ಕರೆ ನಿಂತ ನೀರಿನಲ್ಲೇ ಮೊಟ್ಟೆ ಅಂಟಿಸುತ್ತದೆ, ಆರು ತಿಂಗಳಿಗೇ. ಮೊಟ್ಟೆಗೆ ಹೋದ ಶಕ್ತಿ ಮೈಗೆ ಬರುವುದಿಲ್ಲ. ಬೆಂಗಳೂರಿನ ಮೀನುಗಾರಿಕೆ ಸಂಶೋಧನೆಯ ಮೂಲಕ ಹಂಗೇರಿ ಮೂಲದ ಅಮೂರ್ ಗೆಂಡೆ ನಮ್ಮ ರೈತರಿಗೆ ಬಂದದ್ದಕ್ಕೆ ಒಂದು ಕಾರಣ ಇದೇ: ಅದು ತಡವಾಗಿ ಬಲಿಯುತ್ತದೆ.

ಜಿಲೇಬಿ ಹೊಕ್ಕ ಹೊಂಡವನ್ನು ಬಲೆ ಎಳೆದೇ ಖಾಲಿ ಮಾಡುತ್ತೇನೆ ಎಂದು ಹೊರಡಬೇಡಿ. ನೀವು ಅರ್ಧ ತೆಗೆದರೆ ಉಳಿದರ್ಧಕ್ಕೆ ಅವಕಾಶ ಹೆಚ್ಚಾಗಿ ಇನ್ನೂ ಜೋರಾಗಿ ಹೆಚ್ಚುತ್ತದೆ. ಮಿತಿಯ ಅರ್ಧದಲ್ಲೇ ಬೆಳವಣಿಗೆ ಅತಿ ಜೋರು ಎಂಬ ಆ ಗೆರೆಯ ಮಾತು ಇಲ್ಲಿ ನಿಮಗೆ ವಿರುದ್ಧ ಕೆಲಸ ಮಾಡುತ್ತದೆ. ಸಾಕಿದ ಮೀನು ನೂರು ಗ್ರಾಂ ದಾಟಿದ್ದರೆ ಅವುಗಳಿಗಿಂತ ಚೆನ್ನಾಗಿ ಚಿಕ್ಕದಾದ ಕೆಲವು ಮುರೆಲ್ (ಬೇರೆ ಮೀನು ತಿನ್ನುವ ಜಾತಿ) ಬಿಟ್ಟರೆ ಅವು ಜಿಲೇಬಿ ಮರಿಯನ್ನು ಹಿಡಿತದಲ್ಲಿಡುತ್ತವೆ. ಆಫ್ರಿಕನ್ ಕ್ಯಾಟ್‌ಫಿಶ್ ಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದರ ಸಾಕಣೆಗೆ ನಿಷೇಧವಿದೆ. ಪೂರ್ತಿ ಪರಿಹಾರ ಬೇಕೆಂದರೆ ಬೆಳೆ ಮುಗಿದ ಮೇಲೆ ಹೊಂಡ ಒಣಗಿಸುವುದು. ಒಣಗದ ಮಣ್ಣಿನ ಹೊಂಡಕ್ಕೆ ಹಿಪ್ಪೆ ಹಿಂಡಿ: ಒಂದು ಮೀಟರ್ ಆಳದ ನೀರಿದ್ದರೆ ಹೆಕ್ಟೇರಿಗೆ 2500 ಕಿಲೋ ಲೆಕ್ಕ. ಅದರ ವಿಷ ಇಳಿಯಲು ಮೂರು ವಾರ ಬಿಟ್ಟು ಮರಿ ಬಿಡಬೇಕು. ನೀರು ಬರುವ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟದಿದ್ದರೆ ಇದೆಲ್ಲ ದಂಡ.

ಬೇಸಿಗೆ: ಮೀನಲ್ಲ, ಹೊಂಡವೇ ಬದಲಾಗಿದೆ

ಮೀನಿನ ಸಂಖ್ಯೆ ಹೆಚ್ಚಿಲ್ಲ, ಮೇವು ಬದಲಾಗಿಲ್ಲ, ಆದರೂ ಫೆಬ್ರುವರಿ ಮಾರ್ಚಿನಲ್ಲಿ ಇದ್ದಕ್ಕಿದ್ದಂತೆ ತೊಂದರೆ ಶುರುವಾದರೆ ನೀರಿನ ಮಟ್ಟ ಅಳೆಯಿರಿ. ಕೃಷಿಹೊಂಡದ ಗೋಡೆ ಓರೆಯಾಗಿರುತ್ತದೆ, ಅಲ್ಲೇ ಇರುವುದು ಮೋಸ. ಮೇಲೆ 21 ಮೀಟರ್, ತಳದಲ್ಲಿ 15 ಮೀಟರ್, ಆಳ 3 ಮೀಟರ್ ಎಂದಿಟ್ಟುಕೊಂಡರೆ ತುಂಬಿದಾಗ ಸುಮಾರು 980 ಘನ ಮೀಟರ್ ನೀರು. ಮಟ್ಟ ಒಂದೂವರೆ ಮೀಟರಿಗೆ ಇಳಿದರೆ ಅರ್ಧ ಉಳಿಯಿತೆನಿಸುತ್ತದೆ, ಉಳಿದಿರುವುದು 410. ಒಂದು ಮೀಟರಿಗೆ ಇಳಿದರೆ 256, ಅಂದರೆ ಕಾಲುಭಾಗ. ತೋಟಕ್ಕೆ ನೀರು ಹಾಯಿಸುತ್ತಾ ಹೋದಂತೆ ನೀವೇ ಮಿತಿಯನ್ನು ಕೆಳಗಿಳಿಸುತ್ತಿದ್ದೀರಿ, ಮೀನಿನ ತೂಕ ಮಾತ್ರ ಹಾಗೇ ಇದೆ. ಸಾಲದ್ದಕ್ಕೆ ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಬಿಸಿಯಲ್ಲಿ ಮೀನಿಗೆ ಬೇಕಾಗುವುದೂ ಹೆಚ್ಚು.

ಇದಕ್ಕೆ ಔಷಧಿಯಿಲ್ಲ. ನೀರು ಉಳಿಸಿ, ಇಲ್ಲವೇ ಜನವರಿಯೊಳಗೆ ಒಂದು ಭಾಗ ಮೀನು ಹಿಡಿದು ಮಾರಿ.

ನಿಲ್ಲುವುದು ಬೇರೆ, ಬೀಳುವುದು ಬೇರೆ

ಮಿತಿ ಮುಟ್ಟಿದ ಎಲ್ಲ ಜೀವಿಗಳೂ ಮೆತ್ತಗೆ ನಿಲ್ಲುವುದಿಲ್ಲ. ಅಲಾಸ್ಕ ಬಳಿ ಬೇರಿಂಗ್ ಸಮುದ್ರದ ಸೇಂಟ್ ಮ್ಯಾಥ್ಯೂ ದ್ವೀಪಕ್ಕೆ 1944ರಲ್ಲಿ 29 ಹಿಮಸಾರಂಗಗಳನ್ನು ಬಿಟ್ಟಿದ್ದರು. ಬೇಟೆಯಾಡುವ ಪ್ರಾಣಿಯಿಲ್ಲ, ನೆಲದ ತುಂಬ ಕಲ್ಲುಹೂವು. 1963ರಲ್ಲಿ ಸುಮಾರು 6000 ಆದವು, 1966ರಲ್ಲಿ ಎಣಿಸಿದಾಗ 42. ಕಲ್ಲುಹೂವು ನಿಧಾನವಾಗಿ ಬೆಳೆಯುವಂಥದ್ದು. ಹಳೆಯ ದಾಸ್ತಾನು ಇರುವವರೆಗೂ ಸಾರಂಗಗಳಿಗೆ ಮಿತಿ ಗೊತ್ತಾಗಲಿಲ್ಲ, ದಾಸ್ತಾನು ಮುಗಿದದ್ದು ಕಠಿಣ ಚಳಿಗಾಲದಲ್ಲಿ. ಹೊಂಡದಲ್ಲಿ ಹೀಗೆ ದಾಟಿ ಬೀಳುವುದು ಪಾಚಿ. ಗೊಬ್ಬರದ ಸಾರ ಇರುವಷ್ಟು ಹೊತ್ತು ದಟ್ಟವಾಗಿ ಹಬ್ಬಿ ಒಂದೇ ಸಲ ಸಾಯುತ್ತದೆ. ನೀರು ಎರಡು ದಿನದಲ್ಲಿ ಕಡುಹಸಿರಿನಿಂದ ಕಂದು ಬಣ್ಣಕ್ಕೆ ತಿರುಗಿ ನಾರುತ್ತದೆ. ಸತ್ತ ಪಾಚಿ ಕೊಳೆಯಲು ಆಮ್ಲಜನಕ ಬೇಕು, ಅದನ್ನು ಮಾಡುತ್ತಿದ್ದ ಪಾಚಿ ಇಲ್ಲ. ಮೋಡ ಮುಚ್ಚಿದ ಆಷಾಢದ ದಿನಗಳಲ್ಲೂ, ಬೇಸಿಗೆಯ ಮೊದಲ ಜೋರು ಮಳೆಗೆ ತಣ್ಣನೆಯ ನೀರು ಕೆಳಗಿಳಿದು ತಳದ ಕೊಳಕು ಮೇಲೆದ್ದಾಗಲೂ ಇದೇ ಅಪಾಯ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದಾಗ ಮೊದಲು ಹೇಳಿದ ಕಾರಣವೂ ಆಮ್ಲಜನಕ ಕುಸಿದದ್ದೇ. ಅಲ್ಲಿ ಸಗಣಿಯ ಕೆಲಸವನ್ನು ಒಳಚರಂಡಿ ಮಾಡಿತ್ತು.

ಬೆಳಗಾಗುವಾಗ ಮೀನು ತೇಲುತ್ತಿದ್ದರೆ ಯಾವ ಗಾತ್ರದವು ಸತ್ತಿವೆ ನೋಡಿ. ಉಸಿರುಗಟ್ಟಿದ ಹೊಂಡದಲ್ಲಿ ದೊಡ್ಡವು ಮೊದಲು ಹೋಗುತ್ತವೆ. ವಿಷ ಸೇರಿದ್ದರೆ ಸಾಮಾನ್ಯವಾಗಿ ಚಿಕ್ಕವು ಮೊದಲು. ರೋಗವಾದರೆ ದಿನಕ್ಕೆ ಎರಡು ನಾಲ್ಕು. ಉಸಿರಿನ ತೊಂದರೆಯೆಂದು ಕಂಡರೆ ಮೇವು, ಸಗಣಿ ಎರಡನ್ನೂ ಆ ಕ್ಷಣವೇ ನಿಲ್ಲಿಸಿ. ಮೋಟಾರು ಹಾಕಿ ಹೊಂಡದ ಮೇಲ್ಭಾಗದ ನೀರನ್ನೇ ಎತ್ತಿ ಎತ್ತರದಿಂದ ಚಿಮ್ಮಿಸಿ. ಕೊಳವೆಬಾವಿ ನೀರು ಬಿಡುವುದಾದರೆ ನೇರ ಬಿಡಬೇಡಿ, ನೆಲದಡಿಯ ನೀರಿನಲ್ಲಿ ಆಮ್ಲಜನಕ ಬಲು ಕಡಿಮೆ. ಜರಡಿಯ ಮೇಲೋ ಕಲ್ಲಿನ ಮೇಲೋ ಬಿದ್ದು ಚದುರಿ ಹೋಗಲಿ.

ಮಿತಿಯಲ್ಲದ್ದನ್ನು ಮಿತಿ ಎನ್ನಬೇಡಿ

ಡಿಸೆಂಬರ್, ಜನವರಿಯಲ್ಲಿ ಕೋಲಾರ, ಬೆಂಗಳೂರು ಕಡೆಯ ಹೊಂಡಗಳಲ್ಲಿ ಬೆಳವಣಿಗೆ ಕುಂಟುವುದು ಚಳಿಗೆ. ನೀರು ಬೆಚ್ಚಗಾದರೆ ಸರಿಹೋಗುತ್ತದೆ. ಮೈಮೇಲೆ ಬಿಲ್ಲೆಯಂಥ ಹೇನು ಹರಿದಾಡುತ್ತಿದ್ದು ಮೀನು ಮೈ ಉಜ್ಜಿಕೊಳ್ಳುತ್ತಿದ್ದರೆ ಅದಕ್ಕೆ ಚಿಕಿತ್ಸೆ ಬೇರೆ. ಗುರುತಿನ ಲೆಕ್ಕದಲ್ಲಿ ಮೀನು ತೀರಾ ಕಡಿಮೆ ಬಂದು, ಆದರೂ ಚಿಕ್ಕವಾಗಿಯೇ ಇದ್ದರೆ ಮರಿಯ ಮೇಲಿನ ಅನುಮಾನಕ್ಕೆ ಆಗ ಅರ್ಥವಿದೆ.

ತೆಳು ಮಾಡಿ ನೋಡುವುದು

ಇಷ್ಟಾದರೂ ಖಚಿತವಾಗದಿದ್ದರೆ ಒಂದೇ ಪರೀಕ್ಷೆ ಉಳಿದಿದೆ. ಒಟ್ಟು ತೂಕದ ಮೂರನೇ ಒಂದು ಭಾಗ ಮೀನು ತೆಗೆಯಿರಿ. ಮೇವು, ನೀರು ಏನನ್ನೂ ಬದಲಿಸಬೇಡಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಮೂರು ವಾರ ಬಿಟ್ಟು ತೂಗಿ. ಉಳಿದವು ಮೈ ಕಟ್ಟಿದ್ದರೆ ದೋಷ ದಟ್ಟಣೆಯದೇ. ಕದಲದಿದ್ದರೆ ಮೇಲಿನ ಪರೀಕ್ಷೆಗಳಿಗೆ ಮರಳಿ, ನೀರಿನ ಮಾದರಿಯನ್ನು ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ.

ಕುಗ್ಗಿದ ಮೀನು ಇನ್ನು ಬೆಳೆಯದೇನೋ ಎಂಬ ಭಯ ಬೇಡ. ಆಂಧ್ರದ ಕಡೆ ಬೇಕೆಂದೇ ಮರಿಗಳನ್ನು ದಟ್ಟವಾಗಿ ಇಟ್ಟು ಕುಗ್ಗಿಸಿ, ಆಮೇಲೆ ದೊಡ್ಡ ಹೊಂಡಕ್ಕೆ ಬಿಡುತ್ತಾರೆ. ಜಾಗ ಸಿಕ್ಕೊಡನೆ ಅವು ಬಾಕಿ ತೀರಿಸುವಂತೆ ಬೆಳೆಯುತ್ತವೆ.

ಇದನ್ನೇ ಅಭ್ಯಾಸ ಮಾಡಿಕೊಂಡರೆ ಲಾಭ. ಮೇಲಿನ ಅಂಕಿಗಳಿಗೇ ಹೋಗಿ: 94 ಕಿಲೋ ಆದಾಗ 30 ಕಿಲೋದಷ್ಟು ದೊಡ್ಡ ಮೀನು ಹಿಡಿದರೆ 64 ಉಳಿಯುತ್ತದೆ, ಮುಂದಿನ ತಿಂಗಳು ಹೊಂಡ ಮತ್ತೆ 30 ಕಿಲೋ ಕೂಡಿಸುತ್ತದೆ. ಹಿಡಿಯದೆ 137ರ ತನಕ ಕಾದರೆ ತಿಂಗಳಿಗೆ 8 ಕಿಲೋ, ಅದೂ ಮೊದಲಿಗಿಂತ ಹೆಚ್ಚು ಹಿಂಡಿ ತಿಂದು. ಹಿಡಿದಷ್ಟು ಸಂಖ್ಯೆಗೆ ಬಲಿತ ಮರಿ ಮತ್ತೆ ಬಿಡುತ್ತಾ ಹೋಗಬೇಕು, ಇಲ್ಲದಿದ್ದರೆ ಕೊನೆಗೆ ಹಿಡಿಯಲು ಮೀನೇ ಇರುವುದಿಲ್ಲ.

ಮುಂದಿನ ಬೆಳೆಗೆ ಮರಿ ಎಷ್ಟು ಎಂಬುದನ್ನು ಈ ಸಲದ ತೂಕದಿಂದಲೇ ತೆಗೆಯಿರಿ. ಬೆಳವಣಿಗೆ ನಿಂತಾಗ ಹೊಂಡದಲ್ಲಿದ್ದದ್ದು 150 ಕಿಲೋ, ನಿಮಗೆ ಬೇಕಾದ ಮೀನು ಅರ್ಧ ಕಿಲೋದ್ದು ಎಂದಾದರೆ ಉಳಿಯಬೇಕಾದದ್ದು 300. ಐದರಲ್ಲಿ ಒಂದು ಹೋಗುತ್ತದೆಂದು ಹಿಡಿದರೆ ಬಿಡಬೇಕಾದದ್ದು 375: ಕಾಟ್ಲಾ 150, ಉಳಿದದ್ದು ರೋಹು ಮತ್ತು ಮೃಗಾಲ್ ಸಮವಾಗಿ. ಪ್ಲಾಸ್ಟಿಕ್ ಹಾಸಿದ ಹೊಂಡವಾದರೆ ತಳದಲ್ಲಿ ಊಟ ಕಡಿಮೆ, ಮೃಗಾಲನ್ನು ಇನ್ನಷ್ಟು ಇಳಿಸಿ. ಮರಿ ತಂದವರು "ಸಾವಿರ ತಗೊಳ್ಳಿ, ರೇಟು ಕಮ್ಮಿ ಮಾಡ್ತೀನಿ" ಎಂದರೆ, ಅದೇ ದುಡ್ಡಿಗೆ 375 ಬಲಿತ ಮರಿ ಕೇಳಿ.